ಹಳೆಯ ಬಾಗಿಲುಗಳ ಬಣ್ಣ

ಬಣ್ಣದ ಮಾಮನ ಮನೆಗೆ ಹೊಸ ಬಾಗಿಲುಗಳನ್ನು ಮಾಡಿಕೊಟ್ಟವನು ನಾನು. ಅದಕ್ಕೆ ಒಂದು ವರ್ಷ ಮೊದಲು, ಹಳೆಯವನ್ನು ಕಿತ್ತು ಹಾಕುವುದು ಬೇಡ, ಮರ ಕಬ್ಬಿಣದ ಹಾಗಿದೆ, ಮೇಲಿನ ಬಣ್ಣ ಕೆರೆದರೆ ಸಾಕು ಎಂದವನೂ ನಾನೇ. ಬಡಗಿಯ ಬಾಯಲ್ಲಿ ದಿನಕ್ಕೆ ನಾಲ್ಕು ಸಲ ಬರುವ ಮಾತು ಅದು. ಆಡುವಾಗ ನಾಲಿಗೆಗೆ ಭಾರವೆನಿಸಲಿಲ್ಲ.

ಮಾಮ ನನಗೆ ಸಂಬಂಧಿಯೇನಲ್ಲ. ಪೇಟೆಯಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವರನ್ನು ಹಾಗೆ ಕರೆಯುತ್ತಿದ್ದರು. ಅವರ ಹೆಂಡತಿ ಎಲ್ಲರಿಗೂ ಅತ್ತೆ. ನಲವತ್ತು ವರ್ಷ ಅಂಗಡಿಗಳಿಗೆ ಬೋರ್ಡು ಬರೆದವರು ಮಾಮ. ಔಷಧಿ ಅಂಗಡಿ, ಸೈಕಲ್ ಶಾಪು, ಕನ್ನಡಕದವನು, ಹಲ್ಲಿನ ಡಾಕ್ಟರು, ಯಾರದೇ ಇರಲಿ, ಏಣಿಯ ಮೇಲೆ ನಿಂತು ಸ್ಕೇಲು ಹಿಡಿಯದೆ ಗೆರೆ ಎಳೆಯುತ್ತಿದ್ದರು. ತೆಳ್ಳನೆಯ ಗೆರೆ ಬೇಕಾದಾಗ ಬ್ರಷ್ಷಿನ ತುದಿಯನ್ನು ತುಟಿಗಳ ನಡುವೆ ಒತ್ತಿ ಚೂಪು ಮಾಡಿಕೊಳ್ಳುವುದು ಅವರ ಅಭ್ಯಾಸ. ಸಂಜೆ ಅವರ ಕೆಳತುಟಿ ನೋಡಿದರೆ ಆ ದಿನ ಯಾರ ಕೆಲಸ ನಡೆಯಿತೆಂದು ಗೊತ್ತಾಗುತ್ತಿತ್ತು.

"ಮಾಮ, ಇವತ್ತು ನೀಲಿ. ಹಲ್ಲಿನ ಡಾಕ್ಟರ್ದು ಮುಗೀತಾ?" ಎಂದು ನಾವು ಕೇಳುತ್ತಿದ್ದೆವು.

"ಹಲ್ಲು ಮುಗೀತು, ಡಾಕ್ಟರು ಬಾಕಿ," ಎನ್ನುತ್ತಿದ್ದರು.

ಅವರದು ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ. ಗಿರಣಿ ಓಡುವಾಗ ಮೇಜಿನ ಮೇಲಿನ ಲೋಟ ತಾನಾಗಿ ಜರುಗುತ್ತಿತ್ತು. ಅತ್ತೆಗೆ ಮಂಡಿನೋವು, ಮನೆಗೆ ಮೂವತ್ತೊಂದು ಮೆಟ್ಟಿಲು. ಅಂಚೆ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಒಬ್ಬಳೇ ಮಗಳು ಹೆರಿಗೆಗೆಂದು ಬಂದವಳು ಅಲ್ಲೇ ಉಳಿದಿದ್ದಳು, ಏಕೆಂದರೆ ಅಳಿಯ ಹಡಗಿನಲ್ಲಿ ಅಡುಗೆಯವನು, ವರ್ಷದಲ್ಲಿ ಎರಡು ತಿಂಗಳು ಮಾತ್ರ ನೆಲದ ಮೇಲೆ ಇರುವವನು. ಮೊಮ್ಮಗಳು ಪುಟ್ಟಿ ತೆವಳಲು ಕಲಿತ ದಿನದಿಂದ ಆ ಮೆಟ್ಟಿಲಿನ ಬಾಯಿಗೆ ಒಂದು ಪೆಟ್ಟಿಗೆ ಅಡ್ಡ ಇಟ್ಟಿದ್ದರು. ಒಳಗೆ ಬರಬೇಕಾದವರು ಪೆಟ್ಟಿಗೆ ದಾಟಿಯೇ ಬರಬೇಕು.

ಅಂಥ ಹೊತ್ತಿನಲ್ಲಿ ಅತ್ತೆಯ ಚಿಕ್ಕಮ್ಮನ ಮನೆ ಅವರ ಪಾಲಿಗೆ ಬಂತು. ಪೇಟೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಹನ್ನೊಂದು ವರ್ಷ ಬೀಗ ಬಿದ್ದಿದ್ದ ಮನೆ. ನೋಡಲು ಹೋದಾಗ ಮಾಮ ನನ್ನನ್ನೂ ಕರೆದುಕೊಂಡು ಹೋದರು. ಹೆಂಚಿನ ನಡುವೆ ಆಕಾಶ ಕಾಣುತ್ತಿತ್ತು. ಹಿಂದಿನ ಗೋಡೆ ಹೊಟ್ಟೆ ಬಂದವರ ಹಾಗೆ ಮುಂದಕ್ಕೆ ಉಬ್ಬಿತ್ತು. ಅಂಗಳದಲ್ಲಿ ಸೊಂಟದೆತ್ತರ ಕಳೆ. ನಾನು ತೊಲೆಗಳನ್ನು ತಟ್ಟಿ ತಟ್ಟಿ ನೋಡುತ್ತಿದ್ದರೆ ಮಾಮ ಬಾಗಿಲುಗಳ ಮುಂದೆ ನಿಂತುಬಿಟ್ಟಿದ್ದರು. ಎಂಟು ಬಾಗಿಲು, ಹನ್ನೆರಡು ಕಿಟಕಿ. ಆ ಚಿಕ್ಕಮ್ಮನ ಗಂಡ ಸೇತುವೆ ಕಟ್ಟುವವರ ಉಗ್ರಾಣದಲ್ಲಿ ಕೆಲಸಕ್ಕಿದ್ದವರು. ಮಿಕ್ಕ ಬಣ್ಣದ ಡಬ್ಬಿಗಳೆಲ್ಲ ಮನೆಗೆ ಬರುತ್ತಿದ್ದವು, ಬಂದದ್ದೆಲ್ಲ ಬಾಗಿಲಿಗೆ ಏರುತ್ತಿತ್ತು.

ಮಾಮ ಚಾಕು ತೆಗೆದು ಒಂದು ಮೂಲೆಯಲ್ಲಿ ಕೆರೆದರು. ಹಸಿರು, ಅದರಡಿ ನೀಲಿ, ಅದರಡಿ ಬೂದಿ, ಮತ್ತೆ ಹಸಿರು, ತಳದಲ್ಲಿ ಕಿತ್ತಳೆ ಕೆಂಪು.

"ನೋಡಿದ್ಯಾ, ಸೀಸದ ಬಣ್ಣ ಇದು," ಎಂದರು. ಆ ದನಿಯಲ್ಲಿದ್ದದ್ದು ಅಭಿಮಾನ. "ಈಗ ಸಿಗಲ್ಲ. ನಾನು ಕೆಲಸ ಕಲಿಯೋವಾಗ ಇಂಥದೇ ಇದ್ದಿದ್ದು. ಡಬ್ಬಿ ಎತ್ತಿದ್ರೆ ಭುಜ ಬಿದ್ದುಹೋಗ್ತಿತ್ತು. ಮಳೆ, ಬಿಸಿಲು ಯಾವುದಕ್ಕೂ ಜಗ್ಗಲ್ಲ."

ನಾನು ಮರ ತಟ್ಟಿ ನೋಡಿ ಆ ಮಾತು ಹೇಳಿದ್ದು ಆಗಲೇ.

ಅವರು ಬೇಸಿಗೆಯ ಮೊದಲಲ್ಲಿ ಅಲ್ಲಿಗೆ ಹೋದರು. ಪುಟ್ಟಿಗೆ ಆಗ ಒಂದೂವರೆ ವರ್ಷ. ಮಗಳು ಬೆಳಗಿನ ಬಸ್ಸಿಗೆ ಅಂಚೆ ಕಚೇರಿಗೆ ಹೊರಟು ಸಂಜೆ ಬರುವಳು. ಅಂಗಳದ ಕಳೆ ಕೀಳಲು ಆಳು ಸಿಗಲಿಲ್ಲವೆಂದು ಅತ್ತೆ ಎರಡು ಆಡು ಕೊಂಡರು. ಕರಿಯದಕ್ಕೆ ಕಾಡಿಗೆ, ಬಿಳಿಯದಕ್ಕೆ ಸುಣ್ಣ ಎಂದು ಮಾಮ ಹೆಸರಿಟ್ಟರು. ಸುಣ್ಣ ಗಬ್ಬವಾಗಿದ್ದಳೆಂದು ತಿಳಿದದ್ದು ತಿಂಗಳಾದ ಮೇಲೆ. ಹುಟ್ಟಿದ ಕೆಂಪು ಮರಿಗೆ ಕಾವಿ ಎಂದಾಯಿತು.

ಅವು ಕಳೆ ಒಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ತಿಂದವು. ಗಾರೆ ಕೆಲಸದವನ ತೂಕದ ಗುಂಡಿನ ದಾರ, ಸಿಮೆಂಟು ಚೀಲದ ಕಾಗದ, ನನ್ನ ಅಳತೆಯ ಚೀಟಿ, ಒಮ್ಮೆ ನನ್ನ ಕಿವಿಯ ಸಂದಿಯಿಂದಲೇ ಪೆನ್ಸಿಲು. "ಇವಕ್ಕೆ ಕಳೆ ಸೇರಲ್ಲ ಅತ್ತೆ, ವಾಪಸ್ ಕೊಟ್ಟುಬಿಡಿ," ಎಂದರೆ ಅತ್ತೆ, "ನಿಂಗೂ ನಾನು ಮಾಡಿದ ಪಲ್ಯ ಸೇರಲ್ಲ, ನಿನ್ನ ವಾಪಸ್ ಕೊಟ್ಟಿದೀನಾ?" ಎನ್ನುತ್ತಿದ್ದರು. ಪುಟ್ಟಿಯಂತೂ ಎದ್ದರೆ ಬಿದ್ದರೆ ಆಡುಗಳ ಜೊತೆ. ಸುಣ್ಣಳ ಹೊಟ್ಟೆಗೆ ಒರಗಿ ಕೂತು, ಅದು ಮೆಲುಕು ಹಾಕುವಾಗ ತಾನೂ ಬರಿಬಾಯಿ ಆಡಿಸುತ್ತಿದ್ದಳು. ಸುಣ್ಣಳ ಹಾಲು ಮರಿಗೆ ಆಗಿ ಮಿಕ್ಕುತ್ತಿತ್ತು. ಮಗುವಿಗೆ ಒಳ್ಳೆಯದೆಂದು ಅತ್ತೆ ದಿನಾ ಒಂದು ಲೋಟ ಕಾಯಿಸಿ ಕುಡಿಸುತ್ತಿದ್ದರು.

ಮನೆಯ ಕೆಲಸ ಮಾತ್ರ ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಉಬ್ಬಿದ ಗೋಡೆಯನ್ನು ಇಳಿಸುವಾಗ ಪಕ್ಕದ ಗೋಡೆಯೂ ಕೈಬಿಟ್ಟಿತು. ಹೆಂಚು ಇಳಿಸಿದ ಮೇಲೆ ಗಾರೆ ಕೆಲಸದವನು ಬೇರೆ ಕಡೆ ದೊಡ್ಡ ಕೆಲಸ ಸಿಕ್ಕಿತೆಂದು ಹೋದವನು ಫೋನು ಎತ್ತಲಿಲ್ಲ. ಅರ್ಧ ಮನೆಗೆ ತಲೆಯಿಲ್ಲ, ಮಿಕ್ಕರ್ಧಕ್ಕೆ ನೆಲವಿಲ್ಲ. ನಾಲ್ಕು ಜನ ಒಂದೇ ಕೋಣೆಯಲ್ಲಿ. ಅಡುಗೆ, ಮಲಗುವುದು, ಮಗಳ ಕಚೇರಿಯ ಸೀರೆ ಇಸ್ತ್ರಿ ಮಾಡುವುದು, ಎಲ್ಲ ಅಲ್ಲೇ. ಮಗಳ ಮುಖ ದಿನದಿಂದ ದಿನಕ್ಕೆ ಚಿಕ್ಕದಾಗುತ್ತಿತ್ತು. ಅದನ್ನು ಕಂಡ ಮಾಮ, ತಮ್ಮ ಕೈಲಾದ ಕೆಲಸವನ್ನಾದರೂ ಮುಗಿಸುತ್ತೇನೆಂದು ಬಾಗಿಲುಗಳಿಗೆ ಕೈ ಹಾಕಿದರು.

ಬಾಗಿಲು ಕಳಚಿ ಅಂಗಳದಲ್ಲಿ ಇಟ್ಟಿಗೆಯ ಮೇಲೆ ಮಲಗಿಸುವುದು, ಊದುದೀಪದ ಉರಿ ಹಾಯಿಸಿ ಬಣ್ಣ ಕಾಯಿಸಿ ಉಬ್ಬಿಸುವುದು, ಕೆರೆಯುವುದು, ಆಮೇಲೆ ಉಪ್ಪುಕಾಗದ ಹಾಕಿ ಉಜ್ಜುವುದು. ಬೆಳಗಿನಿಂದ ಸಂಜೆಯವರೆಗೆ. ಬಣ್ಣದ ಚಕ್ಕೆ ಅಂಗಳದ ತುಂಬ. ಪುಡಿ ಗಾಳಿಗೆ ಏರಿ ಒಗೆದ ಬಟ್ಟೆಯ ಮೇಲೆ, ನೀರಿನ ಕೊಡದ ಬಾಯಿಯ ಮೇಲೆ ಕೂರುತ್ತಿತ್ತು. ಅತ್ತೆ ಗುಡಿಸಿ ಬೇಲಿಯ ಬುಡಕ್ಕೆ ಸುರಿಯುತ್ತಿದ್ದರು. ಒಂದು ಭಾನುವಾರ ನಾನು ಹೋದಾಗ ಸುಣ್ಣ ಆ ಗುಡ್ಡೆಯಲ್ಲಿ ಮೂತಿಯಿಟ್ಟು ನೆಕ್ಕುತ್ತಿದ್ದಳು, ಕಾವಿ ಬಾಗಿಲಿನ ಅಂಚನ್ನು ನೆಕ್ಕುತ್ತಿದ್ದ.

"ಬಾಗಿಲಿಗೆ ಏನು ಸಕ್ಕರೆ ಸವರಿದೀರಾ ಮಾಮ?" ಎಂದು ನಾನು ನಕ್ಕೆ. ಮಾಮ ನಕ್ಕರು. ಪುಟ್ಟಿ ನಾವು ನಕ್ಕದ್ದಕ್ಕೆ ನಕ್ಕಳು.

ಆ ಬಣ್ಣ ನಿಜಕ್ಕೂ ನಾಲಿಗೆಗೆ ಸಿಹಿಯಂತೆ. ಅದು ನನಗೆ ಆಮೇಲೆ ಗೊತ್ತಾಯಿತು.

ಮೊದಲು ಮೇವು ಬಿಟ್ಟಳು ಸುಣ್ಣ. ಎಲ್ಲಿಯೋ ಪ್ಲಾಸ್ಟಿಕ್ಕು ನುಂಗಿರಬೇಕೆಂದು ಅತ್ತೆ ಎಣ್ಣೆ ಕುಡಿಸಿದರು. ಎರಡನೆಯ ದಿನ ಅದು ಸುಮ್ಮನೆ ನಿಂತು ಹಲ್ಲು ಕಡಿಯತೊಡಗಿತು. ಕಲ್ಲಿಗೆ ಕಲ್ಲು ಉಜ್ಜಿದಂಥ ಸದ್ದು ಕೋಣೆಯ ಒಳಗೂ ಕೇಳುತ್ತಿತ್ತು. ಮೂರನೆಯ ದಿನ ನಾನು ಕಿಟಕಿಯ ಚೌಕಟ್ಟು ತೆಗೆದುಕೊಂಡು ಹೋಗಿದ್ದೆ. ಸುಣ್ಣ ನೇರ ನಡೆದು ಬಂದು ಕೋಣೆಯ ಗೋಡೆಗೆ ಹಣೆ ತಾಗಿಸಿ ನಿಂತಳು. ತಾಗಿಸಿದ ಹಣೆಯನ್ನು ಒತ್ತುತ್ತಲೇ ಇದ್ದಳು, ಗೋಡೆಯನ್ನು ಆಚೆಗೆ ತಳ್ಳಬೇಕೆನ್ನುವಂತೆ. ಮಾಮ ಅದರ ಕಣ್ಣ ಮುಂದೆ ಕೈ ಆಡಿಸಿದರು. ರೆಪ್ಪೆ ಬಡಿಯಲಿಲ್ಲ.

"ಇದಕ್ಕೆ ಕಣ್ಣು ಹೋಗಿದೆ," ಎಂದರು.

ಅದೇ ಹೊತ್ತಿಗೆ ಹಿಂದಿನಿಂದ ಅತ್ತೆ ಕೂಗಿದರು. ಕಾವಿ ನೆಲಕ್ಕೆ ಬಿದ್ದು ನಾಲ್ಕೂ ಕಾಲು ಸೆಟೆದು ನಡುಗುತ್ತಿತ್ತು. ಅತ್ತೆ ಮಂಡಿನೋವನ್ನೂ ಮರೆತು ನೆಲಕ್ಕೆ ಕುಸಿದು ಅದರ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ನಾನು ಪಶುವೈದ್ಯರಿಗೆ ಫೋನು ಮಾಡಿದೆ. ಅವರ ಸ್ಕೂಟರು ಬರುವ ಮೊದಲೇ ಮರಿ ಹೋಗಿಬಿಟ್ಟಿತ್ತು. ಅತ್ತೆ ಅದರ ಬಾಯಿಯ ನೊರೆಯನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು.

ಪಶುವೈದ್ಯೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾತು ಕಡಿಮೆ. ಸುಣ್ಣಳ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದಳು, ಬಾಯಿ ತೆರೆದು ನೋಡಿದಳು. ಹಳೆಯ ಬ್ಯಾಟರಿ ಏನಾದರೂ ಬಿದ್ದಿದೆಯಾ ಎಂದು ಕೇಳಿದಳು. ಇಲ್ಲ ಎಂದೆವು. ಆಮೇಲೆ ಅವಳು ಎದ್ದು ಅಂಗಳವನ್ನು ನೋಡಿದಳು. ಬಾಗಿ ಒಂದು ಚಕ್ಕೆ ಎತ್ತಿಕೊಂಡು ಉಗುರಿನಿಂದ ಮುರಿದಳು.

"ಇದೇನು?"

"ಹಳೇ ಬಣ್ಣಮ್ಮ. ಬಾಗಿಲಿಂದು," ಎಂದರು ಮಾಮ.

"ಎಷ್ಟು ಹಳೇದು?"

"ಐವತ್ತು ವರ್ಷದ್ದಿರಬೇಕು. ಸೀಸದ್ದು."

ಅವಳು ತಟ್ಟನೆ ತಲೆ ಎತ್ತಿದಳು. "ಸೀಸ ಅಂತ ನಿಮಗೆ ಗೊತ್ತಿತ್ತಾ?"

ಮಾಮ ಉತ್ತರ ಕೊಡುವ ಮೊದಲು ಪುಟ್ಟಿ ಕೋಣೆಯಿಂದ ಹೊರಗೆ ಬಂದಳು. ಬಲಗೈಯ ಎರಡು ಬೆರಳು ಬಾಯೊಳಗೆ. ಉಗುರಿನ ಸಂದಿಯಲ್ಲಿ ಹಸಿರು.

"ಈ ಮಗು ಇಲ್ಲೇ ಇರುತ್ತಾ?" ಎಂದು ಕೇಳಿದಳು ಪಶುವೈದ್ಯೆ.

ಮಾಮ ಹೋಗಿ ಪುಟ್ಟಿಯ ಬೆರಳನ್ನು ಬಾಯಿಂದ ತೆಗೆದರು. ಅವಳು ಚಕ್ಕೆಯನ್ನು ಕೆಳಗೆ ಹಾಕಲಿಲ್ಲ. ಕಾಗದದಲ್ಲಿ ಸುತ್ತಿ ಮಾಮನ ಕೈಗೆ ಕೊಟ್ಟಳು. "ಇದನ್ನ ತಗೊಂಡು ಈಗಲೇ ಆಸ್ಪತ್ರೆಗೆ ಹೋಗಿ. ಮಗುವಿನ ರಕ್ತದಲ್ಲಿ ಸೀಸ ನೋಡಬೇಕು ಅಂತ ಹೇಳಿ. ಆಡಿನ ವಿಷಯಾನೂ ಹೇಳಿ. ಆಡಿನ ಹಾಲು ಯಾರಾದ್ರೂ ಕುಡಿದಿದೀರಾ?"

ಅತ್ತೆಯ ಕೈ ಮರಿಯ ಮೈಮೇಲೆ ನಿಂತುಹೋಯಿತು.

ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋದದ್ದು ನನ್ನ ಸಾಮಾನಿನ ಗಾಡಿಯಲ್ಲಿ. ಮಗಳು ಅಂಚೆ ಕಚೇರಿಯಿಂದ ನೇರ ಅಲ್ಲಿಗೆ ಬಂದಳು, ಕೈಯಲ್ಲಿ ಮುದ್ರೆಯ ಮಸಿ ಹಾಗೇ ಇತ್ತು. ಡಾಕ್ಟರು ಕೇಳುತ್ತ ಹೋದರು, ಅವಳು ಹೇಳುತ್ತ ಹೋದಳು. ಹೌದು, ಈಚೆಗೆ ಊಟ ಸೇರುವುದಿಲ್ಲ. ಹೌದು, ಹೊಟ್ಟೆ ಹಿಡಿದುಕೊಂಡು ಅಳುತ್ತಾಳೆ, ಕಕ್ಕ ಮಾಡುವುದು ಮೂರು ದಿನಕ್ಕೊಮ್ಮೆ. ಹಲ್ಲು ಬರುತ್ತಿದೆ ಎಂದುಕೊಂಡಿದ್ದೆವು. ಹೊಸ ಮಾತು ಕಲಿತಿಲ್ಲ. ಕಲಿತದ್ದನ್ನೂ ಬಿಟ್ಟಿದ್ದಾಳೆ. ಹೇಳುತ್ತ ಹೇಳುತ್ತ ಅವಳಿಗೇ ಎಲ್ಲ ಒಂದಕ್ಕೊಂದು ಸೇರಿಕೊಂಡಿತು. ತಿರುಗಿ ಅಪ್ಪನನ್ನು ನೋಡಿದಳು.

"ನೀವು ಬಣ್ಣದವರಲ್ವಾ ಅಪ್ಪ?" ಎಂದಳು. ಅಷ್ಟೇ ಅಂದದ್ದು. ಕೂಗಿ ಬೈದಿದ್ದರೆ ಮಾಮ ತಡೆದುಕೊಳ್ಳುತ್ತಿದ್ದರೇನೋ.

ಆ ರಕ್ತಪರೀಕ್ಷೆ ಅಲ್ಲಿ ಆಗುವುದಿಲ್ಲ, ದೊಡ್ಡ ಊರಿಗೆ ಕಳಿಸಬೇಕು, ಆರು ದಿನ ಹಿಡಿಯುತ್ತದೆ ಎಂದರು. ಪುಟ್ಟಿಯ ಕೈಯಿಂದ ರಕ್ತ ತೆಗೆಯುವಾಗ ನರ ಸಿಗದೆ ಮೂರು ಕಡೆ ಚುಚ್ಚಿದರು. ಅತ್ತೆ ಗೋಡೆಯ ಕಡೆ ತಿರುಗಿ ನಿಂತಿದ್ದರು. ಮಾಮ ತಮ್ಮ ತೋಳಿನ ಅಂಗಿ ಮಡಚಿ, ಮೂಲೆಯಲ್ಲಿ ಕೂತು, ಯಾರಾದರೂ ತಮ್ಮನ್ನು ಚುಚ್ಚಲಿ ಎಂದು ಕಾದವರಂತೆ ಕೈ ಚಾಚಿಕೊಂಡಿದ್ದರು. ಕೊನೆಗೆ ಡಾಕ್ಟರು, "ಇವರದ್ದೂ ತೆಗೀರಿ, ಮನೇಲಿರೋ ಎಲ್ಲರದ್ದೂ ತೆಗೀರಿ," ಎಂದರು.

ತಾಯಿ ಮಗು ಆ ಸಂಜೆಯೇ ಪೇಟೆಯ ನನ್ನ ಮನೆಗೆ ಬಂದರು. ತೊಟ್ಟ ಬಟ್ಟೆಯನ್ನೆಲ್ಲ ಬಾಗಿಲ ಹೊರಗೇ ಬಿಚ್ಚಿಸಿ, ಸ್ನಾನ ಮಾಡಿಸಿ, ನನ್ನ ಹೆಂಡತಿ ಬೇರೆ ಬಟ್ಟೆ ತೊಡಿಸಿದಳು. ಮಗುವಿನ ಬಟ್ಟೆ ನಮ್ಮಲ್ಲಿರಲಿಲ್ಲ. ನನ್ನ ಹಳೆಯ ಬನಿಯನ್ನೇ ಗಂಟು ಹಾಕಿ ತೊಡಿಸಿದೆವು.

ಆ ಆರು ದಿನ ಮಾಮ ಕಳೆದ ರೀತಿಯನ್ನು ನೆನೆದರೆ ಈಗಲೂ ನನ್ನ ಕೈ ನಿಲ್ಲುತ್ತದೆ. ಒಣ ಪೊರಕೆ ಹಿಡಿಯಬೇಡಿ, ಧೂಳು ಏಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಅತ್ತೆಯೊಂದಿಗೆ ಆ ಮನೆಗೇ ಮರಳಿದ ಮಾಮ ಒದ್ದೆ ಬಟ್ಟೆ ಹಿಡಿದು ಕೋಣೆಯ ನೆಲವನ್ನು ಮೊಳಕಾಲೂರಿ ಒರೆಸಲು ಕೂತರು. ಒರೆಸುವುದು, ಬಟ್ಟೆ ನೋಡುವುದು, ಬೂದುಬಣ್ಣ ಕಂಡರೆ ಹಿಂಡಿ ಮತ್ತೆ ಒರೆಸುವುದು. ನೀರು ಎಲ್ಲಿ ಚೆಲ್ಲಬೇಕು? ಅಂಗಳಕ್ಕೆ ಚೆಲ್ಲಿದರೆ ವಿಷ ಅಂಗಳಕ್ಕೆ ಹೋಯಿತು. ಬಕೆಟ್ಟುಗಳಲ್ಲಿ ತುಂಬಿಟ್ಟರು. ಆರು ಬಕೆಟ್ಟು ಸಾಲಾಗಿ ಗೋಡೆಯ ಪಕ್ಕ, ಮೇಲೆ ತಟ್ಟೆ ಮುಚ್ಚಿ. ಅತ್ತೆ ಒಂದು ಮೂಲೆಯಲ್ಲಿ ಕೂತು, "ದಿನಾ ಒಂದು ಲೋಟ. ದಿನಾ ನನ್ನ ಕೈಯಿಂದ," ಎಂದು ಅದನ್ನೇ ಹೇಳುತ್ತಿದ್ದರು.

ನಾಲ್ಕನೆಯ ದಿನ ನಾನು ಹೋದಾಗ ಮಾಮ ಬಾಗಿಲುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಸೀಮೆಎಣ್ಣೆಯ ಡಬ್ಬಿ ಹಿಡಿದು ನಿಂತಿದ್ದರು.

"ಮಾಮ, ಅದನ್ನ ಇಡಿ ಕೆಳಗೆ."

"ಸುಟ್ಟುಬಿಡ್ತೀನಿ. ಇವು ಕಣ್ಣ ಮುಂದೆ ಇರಬಾರದು."

"ಸುಟ್ರೆ ಹೊಗೇಲಿ ಅದೇ ಹೋಗುತ್ತೆ. ಆಚೆ ಮನೇಲೂ ಮಕ್ಕಳಿದಾರೆ. ಡಾಕ್ಟರು ಹೇಳಿದ್ದು ಕೇಳಿಸ್ಕೊಂಡಿಲ್ವಾ?"

ಅವರು ಡಬ್ಬಿ ಇಟ್ಟು ಅದರ ಪಕ್ಕದಲ್ಲೇ ಕೂತುಬಿಟ್ಟರು. "ಕೆರೆದ್ರೆ ವಿಷ. ಗುಡಿಸಿದ್ರೆ ವಿಷ. ಸುಟ್ರೆ ವಿಷ. ತೊಳೆದ ನೀರೂ ವಿಷ. ಎಲ್ಲಿ ಹಾಕ್ಲಿ ಇದನ್ನ ನಾನು? ನುಂಗಿಬಿಡ್ಲಾ?" ಎಂದರು. ಅದು ಮಾತಿಗೆ ಅಂದದ್ದಲ್ಲ ಎಂದು ಅವರ ಕಣ್ಣು ಹೇಳುತ್ತಿತ್ತು. ಆ ದಿನ ನಾನು ಅವರನ್ನು ಒಬ್ಬರೇ ಬಿಟ್ಟು ಬರಲಿಲ್ಲ. ಗೋಡೆಯ ಪಕ್ಕ ಹಣೆಯೂರಿ ನಿಂತಿದ್ದ ಸುಣ್ಣಳಿಗೆ ಪಶುವೈದ್ಯೆ ಬರೆದುಕೊಟ್ಟ ಸೂಜಿ ಕೊಡಿಸಲು ಅವರನ್ನೇ ಎಬ್ಬಿಸಿಕೊಂಡು ಹೋದೆ. ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು, ಅದೇ ನೆಪ.

ಕಾಡಿಗೆಗೆ ಏನೂ ಆಗಿರಲಿಲ್ಲ. ಗುದ್ದುವ ಸ್ವಭಾವದವಳೆಂದು ಅವಳನ್ನು ಮೊದಲಿನಿಂದಲೂ ಹಿತ್ತಲಿನಾಚೆ ದೂರ ಕಟ್ಟುತ್ತಿದ್ದರು.

ಏಳನೆಯ ದಿನ ಡಾಕ್ಟರು ಕಾಗದ ತೆರೆದರು. ಪುಟ್ಟಿಯ ರಕ್ತದಲ್ಲಿ ಸೀಸ ಇತ್ತು, ಇರಬಹುದಾದ್ದಕ್ಕಿಂತ ಬಹಳ ಹೆಚ್ಚು ಇತ್ತು.

"ಮೈಯಿಂದ ಇದನ್ನ ಎಳೆದು ತೆಗೆಯೋ ಔಷಧಿ ಇದೆ. ಅದನ್ನ ಕೊಡೋ ಮಟ್ಟಕ್ಕಿಂತ ಸ್ವಲ್ಪ ಕೆಳಗಿದಾಳೆ," ಎಂದರು. "ಆ ಮನೆಯಿಂದ ದೂರ ಇಡಿ. ಹಸುವಿನ ಹಾಲು, ಮೊಟ್ಟೆ, ಸೊಪ್ಪು ಕೊಡಿ. ಕಬ್ಬಿಣಾಂಶದ ಔಷಧಿ ಬರೀತೀನಿ. ತಿಂಗಳಿಗೊಮ್ಮೆ ರಕ್ತ ನೋಡೋಣ."

"ಸರಿಹೋಗ್ತಾಳಾ?" ಮಗಳು ಕೇಳಿದಳು.

"ರಕ್ತದಲ್ಲಿರೋದು ಇಳಿಯುತ್ತೆ."

"ನಾನು ಅದನ್ನ ಕೇಳಲಿಲ್ಲ."

ಡಾಕ್ಟರು ಕಾಗದವನ್ನು ಮಡಚಿ ಕೆಳಗಿಟ್ಟರು. "ತಲೆಗೆ ಏನಾಗಿದೆ, ಏನಾಗಿಲ್ಲ ಅಂತ ಈ ವಯಸ್ಸಲ್ಲಿ ಹೇಳೋಕಾಗಲ್ಲಮ್ಮ. ಬೆಳೀತಾ ಬೆಳೀತಾ ನೋಡಬೇಕು. ಸುಳ್ಳು ಹೇಳಿ ನಿಮ್ಮನ್ನ ಕಳಿಸೋದಕ್ಕೆ ನಂಗೆ ಇಷ್ಟ ಇಲ್ಲ."

ಆಮೇಲೆ, ಅತ್ತೆಯದು ಮಗಳದು ಚಿಂತೆ ಪಡುವಷ್ಟಿಲ್ಲ ಎಂದು, ಅವರು ಮಾಮನ ಕಾಗದ ಎತ್ತಿಕೊಂಡರು. ಅದನ್ನು ಎರಡು ಸಲ ಓದಿದರು. ಬಲಗೈ ಚಾಚಿ, ಮಣಿಕಟ್ಟು ಮೇಲಕ್ಕೆತ್ತಿ ಎಂದರು. ಮಾಮ ಎತ್ತಲು ಹೋದರು. ಕೈ ಅರ್ಧಕ್ಕೆ ನಿಂತು ಮುಂದಕ್ಕೆ ಜೋತುಬಿತ್ತು. ಆ ಕೈ ಹಾಗೆ ಸೋಲುತ್ತಿದ್ದದ್ದು ಎರಡು ವರ್ಷದಿಂದ. ವಯಸ್ಸಿನದು ಎಂದುಕೊಂಡು ಅವರು ಯಾರಿಗೂ ಹೇಳಿರಲಿಲ್ಲ. ಮಗುವಿನದಕ್ಕಿಂತ ಎರಡು ಪಟ್ಟು ಸೀಸ ಅವರ ಮೈಯಲ್ಲಿತ್ತು. ತುಟಿಗೆ ಒತ್ತಿದ ಬ್ರಷ್ಷುಗಳೆಲ್ಲ ಅಲ್ಲಿ ಸೇರಿಕೊಂಡಿದ್ದವು, ಮೇಲೆ ಈ ಮೂರು ತಿಂಗಳ ಧೂಳು.

ಹೊರಗೆ ಬಂದಾಗ ಮಾಮ ನನ್ನ ಕಿವಿಯ ಹತ್ತಿರ ಬಂದು, "ನಂದು ಅವಳಿಗಿಂತ ಜಾಸ್ತಿ ಇದೆಯಂತೆ," ಎಂದರು. ಅವರ ಮುಖದಲ್ಲಿ ನಾನು ಕಂಡದ್ದು ಸಮಾಧಾನ.

ಅವರನ್ನು ಐದು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಔಷಧಿ ಕೊಟ್ಟರು. ಬಿಡುವಾಗ, ಇನ್ನು ಆ ಬಾಗಿಲುಗಳ ಹತ್ತಿರ ಸುಳಿಯಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಆ ಮನೆಗೆ ವಿಷ ಹರಡಿದವನಿಗೆ ಅದನ್ನು ತೆಗೆಯುವ ಹಕ್ಕೂ ಇಲ್ಲದಂತಾಯಿತು ಎಂದು ಅವರಿಗೆ ಅನ್ನಿಸಿರಬೇಕು. ನನ್ನ ಕೈ ಹಿಡಿದುಕೊಂಡು ಬೇಡಿದರು. "ಮೂಗಿಗೆ ಬಟ್ಟೆ ಕಟ್ಕೋತೀನಿ. ನಂಗೆ ಇನ್ನೇನಾಗ್ಬೇಕು? ಬಿಡೋ, ನಾನೇ ಮಾಡ್ತೀನಿ."

"ಮಗಳು ಏನಂದ್ಲು ಗೊತ್ತಾ ಮಾಮ? ಅಪ್ಪ ಅದನ್ನ ಮುಟ್ಟಿದ್ರೆ ಮಗೂನ ಯಾವತ್ತೂ ಅವರ ಹತ್ರ ಬಿಡಲ್ಲ ಅಂದ್ಲು."

ಅವರು ಕೈ ಬಿಟ್ಟರು.

ಮಗಳು ಹಾಗೆ ಅಂದದ್ದು ನಿಜ. ಅಂಚೆ ಕಚೇರಿಯ ಹಿಂದೆ ಒಂದು ಕೋಣೆ ಹಿಡಿದು ಮಗು ಮತ್ತು ಅತ್ತೆಯ ಜೊತೆ ಇದ್ದಳು. ಅಮ್ಮನ ಮೇಲೆ ಅವಳಿಗೆ ಕೋಪ ಬರಲಿಲ್ಲ, ಅಥವಾ ಬಂದರೂ ಮಗುವನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಮಾಮ ಆ ಹಳೆಯ ಮನೆಯ ಊರಿನಲ್ಲೇ ದೂರದ ಒಂದು ಹೊಲದ ಶೆಡ್ಡಿನಲ್ಲಿ, ಉಳಿದ ಎರಡು ಆಡುಗಳೊಂದಿಗೆ. ಸುಣ್ಣಳಿಗೆ ಪ್ರಾಣ ಉಳಿದಿತ್ತು, ಕಣ್ಣು ಬರಲಿಲ್ಲ. ಅದರ ಕೊರಳಿಗೆ ಹಗ್ಗ ಕಟ್ಟಿ ಮೇವಿರುವಲ್ಲಿಗೆ ನಡೆಸಿಕೊಂಡು ಹೋಗುವುದು ಅವರ ದಿನದ ಕೆಲಸ. ಭಾನುವಾರ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಬಸ್ಸು ಹತ್ತಿ ಬಂದು ಮಗಳ ಕೋಣೆಯ ಗೇಟಿನ ಹೊರಗೆ ನಿಲ್ಲುವರು. ಒಳಗೆ ಬನ್ನಿ ಎಂದು ಅತ್ತೆ ಕರೆದರೂ ಬರುತ್ತಿರಲಿಲ್ಲ. ಮಗಳು ಕರೆಯುತ್ತಿರಲಿಲ್ಲ. ಗೇಟಿನ ಸರಳಿನ ಸಂದಿಯಿಂದ ಪುಟ್ಟಿಯನ್ನು ನೋಡಿ ಮರಳುವರು. ಒಮ್ಮೆ ಪುಟ್ಟಿ ಸರಳಿನಿಂದ ಕೈ ಹೊರಗೆ ಹಾಕಿದಾಗ ಅವರು ತಮ್ಮ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ನನ್ನ ಹೆಂಡತಿ ಕಂಡಿದ್ದಳು.

ಹಡಗಿನಿಂದ ಅಳಿಯನ ಫೋನು ಬರುತ್ತಿತ್ತು. ಅವನು ಮಾವನ ಜೊತೆ ಮಾತಾಡಬೇಕೆಂದು ಒಮ್ಮೆಯೂ ಕೇಳಲಿಲ್ಲ.

ಮನೆಯ ಕೆಲಸ ನಾನು ಹಿಡಿದೆ. ಅದು ನನ್ನ ಪಾಲಿನ ಭಾರ, ಯಾರ ಮೇಲೂ ಹಾಕುವಂತಿರಲಿಲ್ಲ. ಮೂಗಿಗೆ ಬಾಯಿಗೆ ಮುಸುಕು, ಕೈಗೆ ಗವಸು, ಮೈತುಂಬ ಮುಚ್ಚಿದ ಬಟ್ಟೆ, ಇಬ್ಬರು ಆಳು. ಎಲ್ಲವನ್ನೂ ಒದ್ದೆ ಮಾಡಿ ಮಾಡಿ ಬಾಗಿಲು ಕಿಟಕಿಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಹೆಣ ಸುತ್ತಿದ ಹಾಗೆ ಸುತ್ತಿದೆವು. ಬಕೆಟ್ಟಿನ ನೀರನ್ನೂ ಸೇರಿಸಿ, ವಿಷದ ಕಸಕ್ಕೆಂದೇ ಇರುವ ಜಾಗಕ್ಕೆ ಸಾಗಿಸಲು ಒಪ್ಪಿಗೆ ಸಿಗುವುದರೊಳಗೆ ಎರಡು ತಿಂಗಳಾಯಿತು. ಅಂಗಳದ ಮಣ್ಣನ್ನು ಒಂದು ಮೊಳ ಅಗೆದು ತೆಗೆದೆವು. ಬೇರೆ ಮಣ್ಣು ತುಂಬಿ ಮೇಲೆ ಕಲ್ಲು ಹಾಸಿದೆವು. ಓಡಿಹೋಗಿದ್ದ ಗಾರೆ ಕೆಲಸದವನ ಬದಲಿಗೆ ಇನ್ನೊಬ್ಬನನ್ನು ಹಿಡಿದು ಹೆಂಚು ಹೊದಿಸಿದೆವು. ಹೊಸ ಬಾಗಿಲುಗಳಿಗೆ ಬಣ್ಣವಿಲ್ಲ, ಬರೀ ಎಣ್ಣೆ. ಆ ಎಣ್ಣೆಯ ಡಬ್ಬಿಯ ಮೇಲಿನ ಅಕ್ಷರಗಳನ್ನು ಮಗಳು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದ ಮೇಲೆಯೇ ನಾನು ಮುಚ್ಚಳ ತೆಗೆದದ್ದು.

ಪುಟ್ಟಿಯ ರಕ್ತದ ಲೆಕ್ಕ ಮೊದಲ ತಿಂಗಳು ಇಳಿಯಲೇ ಇಲ್ಲ. ಆ ತಿಂಗಳು ಮಗಳು ಕಚೇರಿಗೆ ಹೋಗಲಿಲ್ಲ, ತಲೆ ಬಾಚಲಿಲ್ಲ. ಎರಡನೆಯ ತಿಂಗಳು ಸ್ವಲ್ಪ ಇಳಿಯಿತು. ನಾಲ್ಕನೆಯದಕ್ಕೆ ಅರ್ಧವಾಯಿತು. ಆಮೇಲೆ ಎಳೆಎಳೆಯಾಗಿ ಇಳಿಯುತ್ತ ಹೋಯಿತು. ಪ್ರತಿ ಸಲವೂ ಕಾಗದ ಬಂದ ದಿನ ನಾನು ಸ್ಕೂಟರಿನಲ್ಲಿ ಹೋಗಿ ಶೆಡ್ಡಿನ ಮುಂದೆ ನಿಂತು ಮಾಮನಿಗೆ ಹೇಳುವೆನು. ಅವರು ಕೇಳಿಕೊಂಡು ತಲೆಯಾಡಿಸುವರು. ಸಂತೋಷದ ಮಾತು ಒಂದನ್ನೂ ಆಡಲಿಲ್ಲ, ತಮಗೆ ಆ ಅಧಿಕಾರವಿಲ್ಲ ಎನ್ನುವಂತೆ.

ಹನ್ನೊಂದು ತಿಂಗಳಿಗೆ ಮಗಳು ಮನೆ ನೋಡಲು ಬಂದಳು. ಅತ್ತೆ, ಪುಟ್ಟಿ ಜೊತೆಗಿದ್ದರು. ನಾನು ಕೊನೆಯ ಬಾಗಿಲಿಗೆ ಚಿಲಕ ಕೂಡಿಸುತ್ತಿದ್ದೆ. ಮಾಮ ಕಲ್ಲುಹಾಸಿನ ಅಂಚಿನಲ್ಲಿ ದೂರ ನಿಂತಿದ್ದರು. ಮಗಳು ಮಗುವನ್ನು ಸೊಂಟದಿಂದ ಇಳಿಸದೆ ಎಲ್ಲ ಕೋಣೆ ಸುತ್ತಿದಳು. ಬಿಳಿಯ ಬಟ್ಟೆಯೊಂದನ್ನು ಮನೆಯಿಂದಲೇ ತಂದಿದ್ದಳು. ಅದನ್ನು ಒದ್ದೆ ಮಾಡಿ ಕಿಟಕಿಯ ಪಟ್ಟಿ, ಮೂಲೆ, ಹೊಸ್ತಿಲ ಬುಡ ಒಂದೊಂದನ್ನೂ ಒರೆಸಿ ಬೆಳಕಿಗೆ ಹಿಡಿದು ನೋಡಿದಳು. ನಾನು ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿದ್ದೆ.

ಹೊರಗೆ ಬಂದು, "ಅಪ್ಪ," ಎಂದಳು. ಮಾಮ ಬೆಚ್ಚಿದರು. "ಇವಳನ್ನ ಸ್ವಲ್ಪ ಹಿಡ್ಕೊಳ್ಳಿ. ನನ್ನ ಸೊಂಟ ಬಿದ್ದುಹೋಗ್ತಿದೆ."

ಮಾಮ ಕೈ ಮುಂದೆ ಮಾಡಿದವರು ಥಟ್ಟನೆ ಹಿಂದಕ್ಕೆಳೆದುಕೊಂಡರು. ನಲ್ಲಿಯ ಹತ್ತಿರ ಹೋಗಿ, ಸಾಬೂನು ಹಚ್ಚಿ, ಮೊಣಕೈವರೆಗೆ ತೊಳೆದರು. ಮತ್ತೆ ಹಚ್ಚಿ ತೊಳೆದರು. ಬಲಗೈ ಸರಿಯಾಗಿ ಏಳದ ಕಾರಣ ಎಡಗೈಯಿಂದ ಅದನ್ನು ಎತ್ತಿ ಹಿಡಿದು ಉಜ್ಜುತ್ತಿದ್ದರು. ಅಷ್ಟರಲ್ಲಿ ಪುಟ್ಟಿ ಬೇಸರ ಬಂದು ಇಳಿದು ಅತ್ತೆಯ ಕಡೆ ಓಡಿದ್ದಳು. ಮಾಮ ತಿರುಗಿ ನೋಡಿದರೆ ಮಗಳ ಕೈ ಖಾಲಿ. ನೀರು ತೊಟ್ಟಿಕ್ಕುವ ಎರಡು ಕೈ ಚಾಚಿಕೊಂಡು ಅಲ್ಲೇ ನಿಂತರು.

ಮಗಳು ತನ್ನ ಚೀಲದಿಂದ ಟವೆಲು ತೆಗೆದು, ಹತ್ತಿರ ಹೋಗಿ, ಅಪ್ಪನ ಕೈಗಳನ್ನು ತಾನೇ ಒರೆಸಿದಳು. ಬೆರಳಿನ ಸಂದಿಗಳನ್ನೂ ಬಿಡದೆ, ಚಿಕ್ಕ ಮಕ್ಕಳಿಗೆ ಒರೆಸುವ ಹಾಗೆ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಅದರ ಮುಂದಿನ ವಾರ ಸಾಮಾನು ತಂದಳು.

ಪುಟ್ಟಿಗೆ ಈಗ ನಾಲ್ಕು ತುಂಬಿದೆ. ಮಾತು ತಡವಾಗಿ ಬಂತು, ಬಂದದ್ದು ಈಗಲೂ ತಡೆದು ತಡೆದು ಬರುತ್ತದೆ. ಅದು ಆ ಬಣ್ಣದ ಕೆಲಸವೋ, ಅವಳ ರೀತಿಯೇ ಹಾಗೋ, ಡಾಕ್ಟರು ಹೇಳಲೊಲ್ಲರು. ಶಾಲೆಗೆ ಸೇರಲಿ, ಆಮೇಲೆ ನೋಡೋಣ ಎನ್ನುತ್ತಾರೆ. ಅವಳು ಒಂದು ಪದಕ್ಕಾಗಿ ತಡಕಾಡುವಾಗ ಮನೆಯಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಕಾಯುತ್ತಾರೆ. ಮಾಮ ಮಾತ್ರ ಎದ್ದು ಹೊರಗೆ ಹೋಗುತ್ತಾರೆ. ಆ ಪದ ಸಿಕ್ಕಿತೆಂದು ಮಗಳು ಕೂಗಿ ಹೇಳಿದ ಮೇಲೆಯೇ ಒಳಗೆ ಬರುತ್ತಾರೆ.